ಅಪ್‌ಡೇಟ್: ಫೋಟೊದಲ್ಲಿ ಕಂಡ ಅಲೆಗೆ 'ಮ್ವಾರೇ' ಅನ್ನೋ ಹೆಸರು ಎಲ್ಲಿಂದ ಬಂತು

ಹೋದ ವಾರ ಕೇಳಿದ್ದೆ: ಮೈಸೂರಿನ ನಮ್ಮ ಬಟ್ಟೆ ಅಂಗಡಿಗೆ ಸಣ್ಣ ಚೌಕಳಿ ಅಂಗಿಗಳ ಫೋಟೊ ತೆಗೆದರೆ, ಬಟ್ಟೆಯಲ್ಲಿ ಇಲ್ಲದ ಬಣ್ಣಬಣ್ಣದ ಅಲೆಗಳು ಕಾಣುತ್ತವೆ, ಇದಕ್ಕೆ ಇಂಗ್ಲಿಷಿನಲ್ಲಿ ಮ್ವಾರೇ ಅಂತಾರೆ, ಯಾಕೆ ಆ ಹೆಸರು? ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಹೆಸರು ಬಟ್ಟೆಯಿಂದಲೇ ಬಂದಿದೆ! ಮೂಲ ಅರಬ್ಬಿಯ 'ಮುಖಯ್ಯರ್', ಅಂದರೆ ಆರಿಸಿದ್ದು. ಆಡಿನ ಉಣ್ಣೆಯ ಒಳ್ಳೆ ಬಟ್ಟೆಗೆ ಹಾಗೆ ಅನ್ನುತ್ತಿದ್ದರು. ಅದು ಇಂಗ್ಲಿಷಿಗೆ ಬಂದು 'ಮೊಹೇರ್' ಆಯಿತು. ಕೊನೆಯ 'ಹೇರ್' ಕೂದಲಿನ ನೆನಪಿನಿಂದ ಸೇರಿಕೊಂಡಿದ್ದು. ಅಲ್ಲಿಂದ ಫ್ರೆಂಚಿಗೆ ಹೋಗಿ 'ಮ್ವಾರ್' ಆಯಿತು, ನೀರಿನ ಅಲೆಯಂಥ ಹೊಳಪಿನ ರೇಷ್ಮೆಗೂ ಅದೇ ಹೆಸರು ಬಿತ್ತು. ಹಾಗೆ ಅಲೆ ಮೂಡಿಸಿದ್ದು 'ಮ್ವಾರೇ'.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಆ ರೇಷ್ಮೆ ಮಾಡುವ ರೀತಿ. ಉಬ್ಬು ಗೀರುಗಳು ಬರುವಂತೆ ನೇಯ್ದ ಬಟ್ಟೆಯನ್ನು ಎರಡು ಪದರ ಮಾಡಿ, ಬಿಸಿ ಉರುಳೆಗಳ ನಡುವೆ ಒತ್ತುತ್ತಾರೆ. ಎರಡು ಪದರದ ಗೀರುಗಳು ಸರಿಯಾಗಿ ಕೂಡುವುದಿಲ್ಲ. ಕೆಲವು ಕಡೆ ಗೀರು ಚಪ್ಪಟೆಯಾಗುತ್ತದೆ, ಕೆಲವು ಕಡೆ ಹಾಗೇ ಉಳಿಯುತ್ತದೆ. ಬೆಳಕು ಬಿದ್ದಾಗ ಅಲೆ ಕಾಣುವುದು ಅದರಿಂದ. ಫೋಟೊದಲ್ಲೂ ಹೀಗೇ ಅಲ್ವಾ? ಒಂದು ಸಾಲು ಅಂಗಿಯ ನೂಲು, ಇನ್ನೊಂದು ಸಾಲು ಕ್ಯಾಮೆರಾದ ಪಿಕ್ಸೆಲ್. ಸೊಳ್ಳೆ ಪರದೆಯನ್ನು ಮಡಚಿ ಬೆಳಕಿಗೆ ಹಿಡಿದು ಸ್ವಲ್ಪ ಸರಿಸಿ ನೋಡಿ, ಅಲೆಗಳು ಓಡುತ್ತವೆ.

1874ರಲ್ಲೇ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ, ಒತ್ತೊತ್ತಾಗಿ ಕೊರೆದ ಸೂಕ್ಷ್ಮ ಗೆರೆಗಳ ಗುಣಮಟ್ಟವನ್ನು ಈ ಅಲೆಗಳಿಂದ ಪರೀಕ್ಷಿಸಬಹುದು ಎಂದಿದ್ದರು.

ಅಂಗಿ ಫೋಟೊ ಈಗ ಸ್ವಲ್ಪ ದೂರದಿಂದ, ಓರೆಯಾಗಿ ತೆಗೆಯುತ್ತಿದ್ದೇನೆ. ಅಲೆ ಹೋಗಿದೆ. ಇಲ್ಲಿ ಯಾರಾದರೂ ಅಲೆ ರೇಷ್ಮೆ ಒತ್ತುವುದನ್ನು ಕಣ್ಣಾರೆ ನೋಡಿದ್ದರೆ ದಯವಿಟ್ಟು ಬರೆಯಿರಿ.