ಅಪ್‌ಡೇಟ್: ಡೈ ಬಿಟ್ಟು ಮದರಂಗಿ, ಇಂಡಿಗೋ ಹಚ್ಚಿ ನೋಡಿದೆ

ಎರಡು ತಿಂಗಳ ಹಿಂದೆ ಕೇಳಿದ್ದೆ: ಕಪ್ಪು ಡೈ ಹಚ್ಚಿದರೆ ಕಿವಿ ಹಿಂದೆ ತುರಿಕೆ, ಹಣೆಯಂಚಲ್ಲಿ ಊತ; ಬಿಳಿಕೂದಲಿಗೆ ಮನೆಯಲ್ಲೇ ಬೇರೆ ದಾರಿ ಇದೆಯಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

ಮೊದಲು ಚರ್ಮದ ಡಾಕ್ಟರ ಹತ್ತಿರ ಹೋದೆ. ಡೈಯಲ್ಲಿರುವ ಪಿಪಿಡಿ ಅನ್ನೋ ರಾಸಾಯನಿಕಕ್ಕೆ ಅಲರ್ಜಿ, ಇನ್ನು ಮುಟ್ಟಲೇಬೇಡಿ ಅಂದರು. ‘ಕಪ್ಪು ಮೆಹಂದಿ’ ಅಂತ ಮಾರುವ ಪುಡಿಗಳಲ್ಲೂ ಎಷ್ಟೋ ಸಲ ಅದೇ ಇರುತ್ತದೆ. ದಯವಿಟ್ಟು ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಿ. ನಾನು ಮದರಂಗಿ ಮತ್ತು ಇಂಡಿಗೋ (ನೀಲಿ ಬಣ್ಣ ಕೊಡುವ ಗಿಡ) ಎರಡರದ್ದೂ ಬರೀ ಎಲೆಪುಡಿ ತಂದು, ಮೊಣಕೈ ಒಳಮಗ್ಗುಲಿಗೆ ಹಚ್ಚಿ 48 ಗಂಟೆ ಕಾದೆ. ಏನೂ ಆಗಲಿಲ್ಲ.

ರಾತ್ರಿ ನೆನೆಸಿಟ್ಟ ಮದರಂಗಿಯನ್ನು ಬೆಳಗ್ಗೆ ಹಚ್ಚಿ, ಎರಡು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆದೆ. ಬಿಳಿಕೂದಲೆಲ್ಲ ಕ್ಯಾರೆಟ್ ಬಣ್ಣ! ಆಮೇಲೆ ಇಂಡಿಗೋ. ಇದನ್ನು ಮದರಂಗಿ ಥರ ನೆನೆಸಿಡಬಾರದು. ಬೆಚ್ಚಗಿನ ನೀರಲ್ಲಿ ಕಲಸಿ ಹತ್ತು ಹದಿನೈದು ನಿಮಿಷಕ್ಕೆ ಹಚ್ಚಿಬಿಡಬೇಕು, ತಡವಾದರೆ ಬಣ್ಣ ಹಿಡಿಯಲ್ಲ. ಬಟ್ಟಲಲ್ಲಿದ್ದ ಹಸಿರು ಹಿಟ್ಟಿನ ಮೇಲ್ಪದರ ಕಣ್ಣೆದುರೇ ನೀಲಿಗೆ ತಿರುಗಿತು. ಒಂದೂವರೆ ಗಂಟೆ ಬಿಟ್ಟು ತೊಳೆದಾಗ ಕಿವಿ ಪಕ್ಕದ ಕೂದಲಲ್ಲಿ ಹಸಿರು ಛಾಯೆ ಕಂಡು ಎದೆ ಧಸಕ್ಕೆಂದಿತು. ಗಾಳಿ ತಾಗುತ್ತಾ ಎರಡೇ ದಿನದಲ್ಲಿ ಕಡುಕಂದು ಆಯ್ತು. ಅಲ್ಲಿಯವರೆಗೆ ಶಾಂಪೂ ಹಾಕಲಿಲ್ಲ.

ಅಚ್ಚ ಕಪ್ಪು ಬರಲಿಲ್ಲ, ಬೈತಲೆ ಹತ್ತಿರ ಸ್ವಲ್ಪ ಕೆಂಪು ಉಳಿದಿದೆ. ಆದರೆ ತುರಿಕೆ ಇಲ್ಲ, ನನಗೆ ಅದೇ ದೊಡ್ಡದು. ಈಗ ಬುಡದಲ್ಲಿ ಬಿಳಿ ಇಣುಕುತ್ತಿದೆ. ಬರುವ ಭಾನುವಾರ ಅಲ್ಲಿಗೆ ಮಾತ್ರ ಹಚ್ಚುತ್ತೇನೆ, ಬೈತಲೆಯಿಂದಲೇ ಶುರು ಮಾಡಿ.