ಕೇಬಲ್ ತೆಗೆಸೋದಾ, ಇಟ್ಕೊಳ್ಳೋದಾ?

ಪ್ರಶ್ನೆ (ಬಸವನಗುಡಿ): ಮನೇಲಿ ಫೈಬರ್ ಇಂಟರ್‌ನೆಟ್ ಇದೆ. ಅಮ್ಮನಿಗೆ ಧಾರಾವಾಹಿ, ವಾರ್ತೆ ಸಾಕು. ಕೇಬಲ್ ದುಡ್ಡು ದಂಡ ಅಲ್ವಾ? ಮಳೆ ಬಂದ್ರೆ ಚಿತ್ರ ಚೌಕಚೌಕ ಒಡೆಯುತ್ತೆ ಬೇರೆ.

ಉತ್ತರ 1: ಮೊದಲು ಬಿಲ್ ಬಿಡಿಸಿ ನೋಡಿ. 200 ಚಾನೆಲ್‌ಗೆ ಎನ್‌ಸಿಎಫ್ (ನೆಟ್‌ವರ್ಕ್ ಬಳಕೆ ಶುಲ್ಕ) 130 ರೂಪಾಯಿ, 18% ಜಿಎಸ್‌ಟಿ ಸೇರಿ 153.40 ಮೀರುವಂತಿರಲಿಲ್ಲ, 2024ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಆ ಮಿತಿ ತೆಗೆದುಹಾಕಿತು. ಪ್ಯಾಕ್ ಬಿಟ್ಟು ಬೇಕಾದ ಚಾನೆಲ್ ಬಿಡಿಯಾಗಿ ಆರಿಸಿ. ಚಂದನ ಉಚಿತವೇ.

ಉತ್ತರ 2: ಚೌಕ ಒಡೆಯೋದಕ್ಕೆ ಸಾಮಾನ್ಯವಾಗಿ ಕನೆಕ್ಟರ್‌ಗೆ ಇಳಿದ ನೀರೇ ಕಾರಣ ಸಾರ್. ತಾರಸಿ ಮೇಲೆ ವೈರ್ ತುದಿಗಿರೋ ಎಫ್ ಕನೆಕ್ಟರ್ (ತಿರುಗಿಸಿ ಕೂರಿಸೋ ಲೋಹದ ಜೋಡಣೆ) ಬಿಚ್ಚಿಸಿ. ಒಳಗೆ ಹಸಿರುಗಟ್ಟಿದ್ರೆ ಆರ್‌ಜಿ-6 (ಟಿವಿ ಕೇಬಲ್) ವೈರ್ ಅಷ್ಟು ಕತ್ತರಿಸಿ ಹೊಸದು ಹಾಕಿಸಿ. ಎರಡು ದಾರಿಯ ಸ್ಪ್ಲಿಟರ್ (ಸಿಗ್ನಲ್ ಹಂಚೋ ಡಬ್ಬಿ) ಒಂದೇ ಸುಮಾರು 3.5 ಡಿಬಿ, ಅಂದ್ರೆ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ತಿನ್ನುತ್ತೆ. ಬಳಸದ ಸ್ಪ್ಲಿಟರ್ ತೆಗೆಸಿ.

ಉತ್ತರ 3: ಕ್ರಿಕೆಟ್ ನೋಡೋರಿದ್ರೆ ಯೋಚಿಸಿ. ಓಟಿಟಿ (ಇಂಟರ್‌ನೆಟ್ ಆ್ಯಪ್) ಲೈವ್ ಕೇಬಲ್‌ಗಿಂತ ತಡ. ಪಕ್ಕದ್ಮನೆಯವರು ಸಿಕ್ಸರ್‌ಗೆ ಕೂಗಿದ ಮೇಲೆ ನಿಮಗೆ ಬಾಲ್ ಕಾಣುತ್ತೆ!