ಗೋಡೆ ಗಡಿಯಾರ ನೋಡಿದರೆ ಸೋಲು ಗೆಲುವು ತಿಳಿದುಬಿಡುತ್ತದೆಯೇ?

ಪ್ರಶ್ನೆ (ಸಂಜೆ ವೀಕ್ಷಕ):
ಒಂದೇ ಕಂತಿನಲ್ಲಿ ಮುಗಿಯಲೇಬೇಕಾದ ಗೇಮ್ ಶೋಗಳ ಬಗ್ಗೆ ನನ್ನದೊಂದು ತಕರಾರಿದೆ. ಕಾರ್ಯಕ್ರಮ ಒಂಬತ್ತಕ್ಕೆ ಮುಗಿಯಬೇಕು ಎಂದಿಟ್ಟುಕೊಳ್ಳಿ. ಎಂಟು ಐವತ್ತೆರಡರ ಹೊತ್ತಿಗೆ ಸ್ಪರ್ಧಿಯ ಮುಂದೆ ಇನ್ನೂ ಐದಾರು ಪ್ರಶ್ನೆಗಳಿವೆ, ಒಂದು ಜಾಹೀರಾತು ವಿರಾಮವೂ ಬಾಕಿ ಇದೆ. ನಿರೂಪಕರು ಧ್ವನಿ ತಗ್ಗಿಸಿ ‘ಲಾಕ್ ಮಾಡಲೇ?’ ಎಂದು ಕೇಳಿ, ಹಿನ್ನೆಲೆ ಸಂಗೀತ ಬಿಗಿಯಾಗುತ್ತಿರುವಾಗಲೇ ನಮ್ಮ ಅಮ್ಮ ಗೋಡೆ ಗಡಿಯಾರದತ್ತ ಕಣ್ಣು ಹಾಯಿಸಿ, “ಇವನದು ಇಲ್ಲಿಗೆ ಮುಗೀತು, ತಟ್ಟೆ ಹಾಕ್ರಿ” ಎನ್ನುತ್ತಾರೆ. ಅವರ ಮಾತು ಸುಳ್ಳಾಗುವುದು ಅಪರೂಪ. ಸಮಯದ ಈ ಕಟ್ಟುಪಾಡಿನ ನಡುವೆಯೂ ಕುತೂಹಲವನ್ನು ಉಳಿಸಿಕೊಳ್ಳುವ ದಾರಿ ಇಲ್ಲವೇ?

ಉತ್ತರ (ಹಳೆಯ ಕ್ವಿಜ್‌ಪ್ರೇಮಿ):
ಇಲ್ಲಿ ಎರಡು ಗಡಿಯಾರಗಳಿವೆ. ಸ್ಪರ್ಧಿಯನ್ನು ಕಾಡುವುದು ಪರದೆಯ ಮೇಲಿನದು, ಆಟವನ್ನು ಕೆಡಿಸುವುದು ತಾವು ಹೇಳಿದ ಗೋಡೆಯ ಮೇಲಿನದು. ಬ್ರಿಟನ್ನಿನಲ್ಲಿ 1998ರಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಆರಂಭವಾದಾಗ ಉತ್ತರಕ್ಕೆ ಕಾಲಮಿತಿಯೇ ಇರಲಿಲ್ಲ. ಕಂತು ಮುಗಿದಾಗ ಹಾರ್ನ್ ಮೊಳಗುತ್ತಿತ್ತು, ಸ್ಪರ್ಧಿ ಮುಂದಿನ ಕಂತಿನಲ್ಲಿ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿದ್ದರು. 2000ದಲ್ಲಿ ಬಂದ ಕೌನ್ ಬನೇಗಾ ಕರೋಡ್‌ಪತಿಯೂ ಇದೇ ಪದ್ಧತಿಯನ್ನು ಹಿಡಿಯಿತು. ಆಟ ನಾಳೆಗೂ ಹರಿಯಬಹುದು ಎಂದಾದ ಮೇಲೆ ತಮ್ಮ ತಾಯಿಯವರ ಲೆಕ್ಕ ನಡೆಯುವುದಿಲ್ಲ.

ಅಮೆರಿಕದ ಅರ್ಧ ಗಂಟೆಯ ಆವೃತ್ತಿ 2008ರಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಮೊದಲ ಐದು ಪ್ರಶ್ನೆಗಳಿಗೆ 15 ಸೆಕೆಂಡು, ಮುಂದಿನ ಐದಕ್ಕೆ 30, ಆ ಬಳಿಕ 45 ಎಂದು ಗೊತ್ತುಮಾಡಿ, ಉಳಿಸಿದ ಸೆಕೆಂಡುಗಳನ್ನೆಲ್ಲ ಕೊನೆಯ ಪ್ರಶ್ನೆಗೆ ಸೇರಿಸಿದರು. ಕಾಗದದ ಮೇಲೆ ಚೆಂದದ ನಿಯಮ. ಆದರೆ ಸ್ಪರ್ಧಿ ಬಾಯಿಬಿಟ್ಟು ಯೋಚಿಸುವುದು, ಒಂದು ಆಯ್ಕೆಯನ್ನು ಹಿಡಿದು ಬಿಟ್ಟು ಮತ್ತೆ ಹಿಡಿಯುವುದು, ನಿರೂಪಕರು ಬೇಕೆಂದೇ ಅನುಮಾನ ಹುಟ್ಟಿಸುವುದು, ಆಟದ ಜೀವವೇ ಆಗಿದ್ದ ಇವೆಲ್ಲ ಅದರಿಂದ ಸೊರಗಿದವು ಎಂಬುದು ನನ್ನ ಅಭಿಪ್ರಾಯ. 2010ರಲ್ಲಿ ಆ ಗಡಿಯಾರವನ್ನು ತೆಗೆದುಹಾಕಿದರು.

ಉತ್ತರ (ಪೆಟ್ಟಿಗೆ ಸಂಖ್ಯೆ 22):
ನಾಳೆಗೆ ಮುಂದೂಡದೆಯೂ ಇದನ್ನು ನಿಭಾಯಿಸಿದ ಆಟವೊಂದಿದೆ. ನೋಯೆಲ್ ಎಡ್ಮಂಡ್ಸ್ ನಡೆಸಿಕೊಡುತ್ತಿದ್ದ ಬ್ರಿಟನ್ನಿನ ‘ಡೀಲ್ ಆರ್ ನೋ ಡೀಲ್’ನಲ್ಲಿ 22 ಮುಚ್ಚಿದ ಪೆಟ್ಟಿಗೆಗಳು, ಒಂದೊಂದರಲ್ಲೂ ಒಂದೊಂದು ಮೊತ್ತ, ಒಂದು ಕಂತಿಗೆ ಒಬ್ಬರೇ ಸ್ಪರ್ಧಿ. ಸ್ಪರ್ಧಿಯ ಪಾಲಿನ ಪೆಟ್ಟಿಗೆಯನ್ನು ಕೊಳ್ಳಲು ‘ಬ್ಯಾಂಕರ್’ ಎಂಬಾತ ಆಗಾಗ ಹಣ ಮುಂದಿಡುತ್ತಿದ್ದ. ಸ್ಪರ್ಧಿ ಆ ಹಣಕ್ಕೆ ನಡುವೆಯೇ ಒಪ್ಪಿಕೊಂಡರೂ, ಒಪ್ಪದಿದ್ದರೆ ಏನಾಗುತ್ತಿತ್ತು ಎಂದು ಉಳಿದ ಪೆಟ್ಟಿಗೆಗಳನ್ನು ತೆರೆಯುತ್ತಾ ಹೋಗುತ್ತಿದ್ದರು. ಇನ್ನೂ ಇಪ್ಪತ್ತು ನಿಮಿಷ ಉಳಿದಿದೆ, ಹಾಗಾಗಿ ಈತ ಈಗಲೇ ಒಪ್ಪುವುದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಹೊಟ್ಟೆ ಉರಿಸಿಕೊಳ್ಳುವ ಅವಕಾಶವೂ ಉಚಿತವಾಗಿ ಸಿಗುತ್ತಿತ್ತು.

ಉತ್ತರ (ಚಂದನದ ಅಭಿಮಾನಿ):
ಫಲಿತಾಂಶ ತಿಳಿದರೆ ಎಲ್ಲ ಮುಗಿಯಿತು ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2011ರಲ್ಲಿ ಬಿಹಾರದ ಸುಶೀಲ್ ಕುಮಾರ್ ಕೌನ್ ಬನೇಗಾ ಕರೋಡ್‌ಪತಿಯಲ್ಲಿ ಐದು ಕೋಟಿ ಗೆದ್ದ ಸುದ್ದಿ ಪ್ರಸಾರಕ್ಕೆ ಮೊದಲೇ ಪತ್ರಿಕೆಗಳಲ್ಲಿ ಬಂದಿತ್ತು. ಆದರೂ ಅವರು ಯಾವ ಪ್ರಶ್ನೆಗೆ ತಡವರಿಸುತ್ತಾರೆ, ಲೈಫ್‌ಲೈನ್ ಎಲ್ಲಿ ಬಳಸುತ್ತಾರೆ ಎಂದು ನಾವು ಕಣ್ಣು ಕೀಳದೆ ನೋಡಿದೆವು. ಇನ್ನು ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಪುಸ್ತಕಗಳು. ಅಲ್ಲಿ ಗೋಡೆ ಗಡಿಯಾರವನ್ನು ನೋಡಿದವರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಕುತೂಹಲವಿರುವುದು ಉತ್ತರ ನಮಗೆ ಹೊಳೆಯಿತೇ ಎಂಬುದರಲ್ಲಿ.

ಮರುಮಾತು (ಸಂಜೆ ವೀಕ್ಷಕ):
ಎಲ್ಲರಿಗೂ ಧನ್ಯವಾದಗಳು. ಒಂದು ಮಾತು ಬಿಟ್ಟುಹೋಗಿತ್ತು. ಈಗ ನಾವು ಇವನ್ನು ಹೆಚ್ಚಾಗಿ ಮೊಬೈಲ್ ಆ್ಯಪ್‌ನಲ್ಲಿ ನೋಡುತ್ತೇವೆ. ಬೆರಳು ತಾಗಿದರೆ ಸಾಕು, ಇನ್ನೆಷ್ಟು ನಿಮಿಷ ಬಾಕಿ ಎಂಬುದನ್ನು ಪರದೆಯ ಕೆಳಗಿನ ಗೆರೆ ಹೇಳಿಬಿಡುತ್ತದೆ. ಗೋಡೆ ಗಡಿಯಾರವೇ ಆಟದೊಳಕ್ಕೆ ಬಂದಂತೆ. ಸದ್ಯಕ್ಕೆ ಆ ಅಂಚಿಗೆ ಒಂದು ಕಾಗದದ ಪಟ್ಟಿ ಅಂಟಿಸಿದ್ದೇನೆ. ಅಮ್ಮನಿಗೆ ಅದು ಸ್ವಲ್ಪವೂ ಹಿಡಿಸಿಲ್ಲ.